ಅಪ್ಪನ ಗಾಡಿಯ ಎಡಗಡೆ ಬಾಗಿಲು

ನನ್ನ ಅಣ್ಣನ ಮುಂದೆ ಡೂಪ್ಲಿಕೇಟ್ ಎಂಬ ಮಾತು ಎತ್ತುವಂತಿಲ್ಲ. ಅಪ್ಪನ ಅಂಬಾಸಿಡರ್ ಗಾಡಿಗೆ ಫೈಬರಿನ ಬಾಗಿಲು ಕೂರಿಸಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ಉಣ್ಣುವ ತಾಟು ಬಿಟ್ಟು ಎದ್ದಿದ್ದ. "ನಾಳೆ ನನ್ನ ಕಾಲು ಮುರದ್ರ ಕಟಗಿ ಕಾಲು ಹಚಗೊಂಡು ಅಡ್ಡಾಡು ಅಂತೀಯೇನು?" ಎಂದ. ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು ಊರಿಗೆಲ್ಲ ಸೋವಿಯ ಡೂಪ್ಲಿಕೇಟ್ ಪೈಪು, ಡೂಪ್ಲಿಕೇಟ್ ನಳ ಮಾರುವವನೂ ಇವನೇ. ಅದನ್ನು ಹೇಳಿದರೆ ಇನ್ನೆರಡು ದಿನ ಮಾತು ಬಂದ್.

ಅಪ್ಪ ಭತ್ತದ ವ್ಯಾಪಾರಕ್ಕೆಂದು ಕಾರಟಗಿಯ ರೈಸ್ ಮಿಲ್ಲುಗಳಿಗೆ ಓಡಾಡುತ್ತಿದ್ದ ಗಾಡಿ ಅದು. ಅಪ್ಪ ತೀರಿಕೊಂಡ ಮೇಲೆ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯಿತು. ಮುಂದಿನ ಎಡಗಡೆ ಬಾಗಿಲಿನ ಕೆಳಭಾಗ ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ನನ್ನ ಮಗಳ ಮದುವೆ ನಿಶ್ಚಯವಾದಾಗ ಅಣ್ಣನಿಗೆ ಈ ಗಾಡಿಯ ಹುಚ್ಚು ಹತ್ತಿತು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಜ್ಜನ ಗಾಡಿಯಲ್ಲೇ ಅವಳನ್ನು ಗಂಗಾವತಿಯ ಕಲ್ಯಾಣ ಮಂಟಪಕ್ಕೆ ಕರೆದೊಯ್ಯುತ್ತೇನೆ ಎಂದು ಬೀಗರ ಎದುರೇ ಹೇಳಿಬಿಟ್ಟ. ಬೀಗರು ತಲೆ ಆಡಿಸಿ ನಕ್ಕರು. ಆಮೇಲೆ ಹಿಂದೆ ಸರಿಯುವುದು ಎಲ್ಲಿಂದ ಬಂತು?

ಈ ಗಾಡಿಯ ಸಾಮಾನು ಈಗ ಯಾರೂ ಹೊಸದಾಗಿ ಮಾಡುವುದಿಲ್ಲ. ಒರಿಜಿನಲ್ ಬೇಕೆಂದರೆ ಸತ್ತ ಗಾಡಿಯಿಂದಲೇ ಕೀಳಬೇಕು. ಅಣ್ಣ ಅಂಗಡಿಯನ್ನು ಅತ್ತಿಗೆಗೆ ಒಪ್ಪಿಸಿ ಗಂಗಾವತಿ, ಹೊಸಪೇಟೆ, ಹುಬ್ಬಳ್ಳಿಯ ಗುಜರಿಗಳನ್ನು ಜಾಲಾಡಿದ. ಒಂದು ಸಲ ಹಾರ್ನಿನ ಗುಂಡಿ ತಂದ, ಇನ್ನೊಂದು ಸಲ ಬಂಪರ್. ತಂದದ್ದನ್ನು ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ ಇಡುತ್ತಿದ್ದ. ಗಾಡಿಯೊಂದರಲ್ಲಿ ಯಾರದಾದರೂ ಜೀವ ಹೋಗಿದ್ದರೆ ಅದರ ಬೋಲ್ಟನ್ನೂ ಮನೆಯೊಳಗೆ ತರಬಾರದು ಎನ್ನುವ ಮಂದಿ ನಾವು. ಅತ್ತಿಗೆ ಪ್ರತಿ ಸಲ ಕೇಳುತ್ತಿದ್ದಳು. "ಎಲ್ಲಾ ವಿಚಾರಿಸೇನಿ, ಸುಮ್ಮನಿರು" ಎನ್ನುತ್ತಿದ್ದ ಅಣ್ಣ.

ನನಗೆ ಆ ಗಾಡಿಯನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಗಂಡ ಓಡಿಸುತ್ತಿದ್ದದ್ದೂ ಅಂಥದೇ ಗಾಡಿ, ಅದೇ ಬಿಳಿ ಬಣ್ಣ. ನಾವು ಆಗ ಕಾರಟಗಿಯಲ್ಲಿದ್ದೆವು, ಮಗಳು ಇನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ಒಂದು ನಸುಕಿನಲ್ಲಿ ಅವರು ಕೊಪ್ಪಳದ ಕಡೆಗೆ ಬರುತ್ತ, ಗಂಗಾವತಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಭತ್ತದ ಟ್ರ್ಯಾಲಿಗೆ ಹಾಯ್ದರು. ಸುದ್ದಿ ತಿಳಿದು ಅಲ್ಲಿಗೆ ಮೊದಲು ಹೋದವನು ಅಣ್ಣ. ಅವನು ನನಗೆ ಎರಡು ಮಾತು ಹೇಳಿದ, ಒಂದು ಅವತ್ತೇ, ಇನ್ನೊಂದು ಕೆಲವು ದಿನ ಕಳೆದ ಮೇಲೆ. ಜೀವ ಜಾಗದಲ್ಲೇ ಹೋಗಿದೆ, ಅವರಿಗೆ ಏನೂ ಗೊತ್ತಾಗಿಲ್ಲ. ಗಾಡಿಯನ್ನು ಕರಗಿಸಲು ಕೊಟ್ಟಾಗಿದೆ, ಅದು ಇನ್ನೆಂದೂ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಸುತ್ತಿ ತಂದ ದೇಹದಲ್ಲಿ ನಾನು ನೋಡಿದ್ದು ಮುಖ ಮಾತ್ರ. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಹಾಗಾಗಿ ನಂಬಿದೆ. ನಿಜ ಹೇಳಬೇಕೆಂದರೆ, ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದು ಇಷ್ಟು ವರ್ಷ ಉಂಡು ಮಲಗಿ ಎದ್ದದ್ದು ಆ ಮೊದಲನೆಯ ಮಾತಿನ ಮೇಲೆಯೇ.

ಮದುವೆಗೆ ಕೆಲವೇ ದಿನ ಇರುವಾಗ ಗಾಡಿ ತಯಾರಾಯಿತು. ಮಿರಿಮಿರಿ ಮಿಂಚುತ್ತಿತ್ತು, ಒಪ್ಪಿಕೊಳ್ಳಲೇಬೇಕು. "ಬಾ ತಂಗಿ, ಒಳಗ ಕುಂತು ನೋಡು," ಎಂದು ಅಣ್ಣ ಎಡಗಡೆ ಬಾಗಿಲು ತೆರೆದ. ಕುಳಿತೆ. ಎದುರಿಗೆ ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆ. ಮದುವೆಯ ದಿನ ಅರಿಷಿಣ ಕುಂಕುಮದ ಬಟ್ಟಲು ಇಡಲು ಬರುತ್ತದೆಯೋ ಎಂದು ಅದರ ಮುಚ್ಚಳ ಎಳೆದೆ.

ಮುಚ್ಚಳದ ಒಳಮೈಗೆ ಹಣೆಗೆ ಹಚ್ಚುವ ಟಿಕಳಿಗಳು ಅಂಟಿದ್ದವು. ಮೆರೂನ್ ಬಣ್ಣದವು, ಸಾಲಾಗಿ, ಧೂಳು ಕೂತು ಕಪ್ಪಾಗಿದ್ದವು. ಎರಡು ಉದುರಿ ಅಂಟಿನ ಗುಂಡು ಗುರುತಷ್ಟೇ ಉಳಿದಿತ್ತು. ಹೆಂಗಸರಿಗೆ ಹೇಳಬೇಕಿಲ್ಲ: ಬೆವರಿಗೆ ಟಿಕಳಿ ಜಾರಿದರೆ ಎಸೆಯಲು ಮನಸ್ಸಾಗದೆ ಕನ್ನಡಿಗೋ ಬಾಗಿಲಿಗೋ ಅಂಟಿಸುತ್ತೇವೆ. ನಾನು ಅಂಟಿಸುತ್ತಿದ್ದದ್ದು ಗಂಡನ ಗಾಡಿಯ ಈ ಮುಚ್ಚಳಕ್ಕೆ. "ನಿನ್ನ ಹಣಿಗಿಂತ ನನ್ನ ಗಾಡಿನ ಛಂದ ಕಾಣ್ತೈತಿ," ಎಂದು ಅವರು ಕಾಡುತ್ತಿದ್ದರು. ಇಂಥದ್ದನ್ನು ಗಂಡಸರು ಗಮನಿಸುವುದಿಲ್ಲ. ಒಳಗಿನ ಬಣ್ಣ ಒರಿಜಿನಲ್ ಇದೆಯೆಂದು ಅಣ್ಣ ಅದನ್ನು ಉಜ್ಜಿರಲೂ ಇಲ್ಲ.

ಮುಚ್ಚಳ ಹಿಡಿದುಕೊಂಡೇ ಅಣ್ಣನ ಕಡೆ ತಿರುಗಿದೆ.

"ಇದನ್ನ ಎಲ್ಲಿಂದ ತಂದಿ?"

"ಗಂಗಾವತಿ ಗುಜರಿಯಿಂದ."

"ಯಾರ ಗಾಡೀದು?"

ಅವನು ಮುಚ್ಚಳ ನೋಡಿದ, ನನ್ನ ಮುಖ ನೋಡಿದ. ನನಗೆ ಗುರುತು ಸಿಕ್ಕಿದೆ ಎಂದು ಅಲ್ಲಿಗೆ ಅವನಿಗೆ ತಿಳಿಯಿತು.

"ಅವರ ಗಾಡಿ ಕರಗಿಸ್ತೀನಿ ಅಂತ ಹೇಳಿ ಒಯ್ದವ ಹಿತ್ತಲದಾಗ ಇಟಗೊಂಡಿದ್ದ ತಂಗಿ. ನಾ ಹೋದಾಗ ನೋಡಿದೆ. ಮುಚ್ಚಳ, ಈ ಬಾಗಿಲಾ, ಎರಡೂ ಅದರವ. ಎಲ್ಲಾ ಕಡೆ ತಿರಗೀನಿ, ಇಂಥಾ ಬಾಗಿಲಾ ಎಲ್ಲೂ ಇರಲಿಲ್ಲ. ತುಕ್ಕಿಂದು ಒಂದೂ ಡಾಗ್ ಇಲ್ಲ, ನೋಡು."

ನೋಡು ಎನ್ನುತ್ತಾನೆ! ನನಗೆ ಬಂದ ಸಿಟ್ಟಿಗೆ ಅವನ ಅಂಗಿ ಹಿಡಿದು ಹೊಡೆಯಬೇಕು ಅನ್ನಿಸಿತು. ಗೊತ್ತಿದ್ದೂ ತಂದಿದ್ದ. ಆ ಬಾಗಿಲನ್ನು ಕಂಡಾಗ ಅವನಿಗೆ ತಂಗಿಯ ಗಂಡ ಕಾಣಲಿಲ್ಲ, ಡಾಗಿಲ್ಲದ ತಗಡು ಕಂಡಿತು. ಇನ್ನೂ ಏನೇನು ತಂದಿದ್ದಾನೋ ಎಂದು ನನ್ನ ಕಣ್ಣು ಸ್ಟೇರಿಂಗಿನ ಮೇಲೆ ಹೋಯಿತು.

"ಇದೂ ಅದರದ ಏನು?"

"ಇಲ್ಲವಾ. ಅದು ಬಾಗಿಬಿಟ್ಟಿತ್ತು, ಕೆಲಸಕ್ಕ ಬರತಿರಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸ್ಟೇರಿಂಗ್ ಯಾಕೆ ಬಾಗುತ್ತದೆ ಎಂಬುದು ತಿಳಿಯದಷ್ಟು ಹೆಡ್ಡಿ ನಾನಲ್ಲ. "ಖರೇ ಹೇಳು," ಎಂದೆ. ಅವನು ಬಾನೆಟ್ ಮೇಲೆ ಕೈಯೂರಿ, ನೆಲ ನೋಡುತ್ತ ಹೇಳಿದ. ಸ್ಟೇರಿಂಗ್ ಎದೆಗೆ ಒತ್ತಿ ಹಿಡಿದಿತ್ತಂತೆ. ಕತ್ತರಿಸುವ ಮಷೀನು ಬರುವಷ್ಟರಲ್ಲಿ ಬಿಸಿಲು ಏರಿತ್ತಂತೆ. ಅಣ್ಣ ಹೋದಾಗ ಇನ್ನೂ ಜೀವ ಇತ್ತು, ಎಚ್ಚರವೂ ಇತ್ತು. ನನ್ನನ್ನು ಕರೆದುಕೊಂಡು ಬಾ ಎಂದು ಕೇಳಿದರಂತೆ. ಅಣ್ಣ ಕರೆಯಲು ಕಳಿಸಲಿಲ್ಲ.

"ನೀ ಅದನ್ನ ನೋಡಬಾರದಿತ್ತು ತಂಗಿ," ಎಂದು ಅಳತೊಡಗಿದ. ನನಗೆ ಅಳು ಬರಲಿಲ್ಲ. ಅವರು ದಾರಿ ಕಾಯುತ್ತಿದ್ದ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದೆ.

ಅಣ್ಣ ಕಣ್ಣೊರೆಸಿಕೊಂಡು, "ಕಿತ್ತು ಒಗದಬಿಡ್ತೀನಿ. ಫೈಬರಿಂದ ಹಾಕಸ್ತೀನಿ," ಎಂದ. ಜನ್ಮದಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಮಾತು ಬಂತು. ನಾನು ಬೇಡ ಎಂದೆ. ಯಾಕೆ ಬೇಡ ಎಂದೆನೋ ಈಗಲೂ ಪೂರ್ತಿ ಗೊತ್ತಿಲ್ಲ. ಬೀಗರಿಗೆ ಸುಳಿವು ಸಿಕ್ಕರೆ ಅಪಶಕುನ ಎನ್ನುತ್ತಾರೆಂಬ ಭಯ ಇತ್ತು. ಮಗಳ ಮದುವೆಗೆ ಅವಳ ಅಪ್ಪನ ಕಡೆಯಿಂದ ಬಂದದ್ದು ಆ ಬಾಗಿಲು ಒಂದೇ ಎಂಬುದೂ ಇತ್ತು. ಮಗಳಿಗೆ ಮಾತ್ರ ಯಾವುದೂ ತಿಳಿಯಬಾರದು ಎಂದೆ.

ಮದುವೆಯ ಬೆಳಿಗ್ಗೆ ಅಣ್ಣ ಗಾಡಿ ಹೊಡೆದ. ನಾನು ಮುಂದೆ ಎಡಗಡೆ ಕುಳಿತೆ. ಹಿಂದೆ ಮಗಳು, ಅವಳ ಪಕ್ಕ ಅತ್ತಿಗೆ. ಗಂಗಾವತಿ ರಸ್ತೆಯಲ್ಲಿ ಗದ್ದೆಗಳು ಶುರುವಾಗಿ ಸ್ವಲ್ಪ ದೂರ ಹೋದ ಮೇಲೆ ಮಗಳು ಮುಂದಕ್ಕೆ ಬಾಗಿದಳು.

"ಅವ್ವಾ, ಇಲ್ಲೇ ಅಲ್ಲಾ?"

"ಹೂಂ."

"ಅಪ್ಪಗ ಏನೂ ಗೊತ್ತಾಗಲಿಲ್ಲ ಹೌದಿಲ್ಲೋ?"

ಅಣ್ಣ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಇಲ್ಲವ್ವಾ," ಎಂದೆ. "ಕಣ್ಣ ಮುಚ್ಚಿ ತೆರಿಯೂದ್ರಾಗ ಆಗಿಹೋತು."

"ಅಷ್ಟಾದ್ರೂ ಪುಣ್ಯಾ ಮಾಡಿದ್ದ," ಎಂದು ಮಗಳು ಹಿಂದಕ್ಕೆ ಒರಗಿ ಕುಳಿತಳು.