ಅತ್ತಿಗೆಯ ಸೋಮವಾರ

ಸೋಮವಾರ ಮಧ್ಯಾಹ್ನ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಆನೆಕೊಂಡದಲ್ಲಿರುವ ಅಣ್ಣನ ಮನೆಯ ಗೇಟು ತೆಗೆದರೆ ಸಾಕು, ಸೀದ ಸಾಸಿವೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಬೇರೆಯವರ ಮನೆಯಾಗಿದ್ದರೆ ಓಡಿಹೋಗಿ ಒಲೆ ಆರಿಸುತ್ತಿದ್ದೆ. ಇಲ್ಲಿ ಆ ವಾಸನೆ ಬಂತೆಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಇದೆಂಥ ಮನೆಯಪ್ಪಾ ಎನ್ನಬೇಡಿ. ಈ ವಾಸನೆ ಹುಟ್ಟಿದ್ದು ಹಿಮಾಚಲದಲ್ಲಿ.

ಅಣ್ಣನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಸಾರಥಿ ಎಂಬ ಹಳ್ಳಿಯಲ್ಲಿ ಹೊಲ. ಬಸವಣ್ಣನ ವಾರವೆಂದು ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಮೈ ತೊಳೆದು, ಮೇವು ಹಾಕಿ, ಸುಮ್ಮನೆ ಬಿಡುತ್ತಾರೆ. ಎತ್ತು ಮಾರಿ ಟ್ರಾಕ್ಟರು ತಂದ ಮೇಲೂ ಅಣ್ಣ ಈ ನೇಮ ಬಿಡಲಿಲ್ಲ. ಸೋಮವಾರ ಟ್ರಾಕ್ಟರು ಶೆಡ್ಡಿನಿಂದ ಆಚೆ ಬರುವಂತಿಲ್ಲ. ಅದಕ್ಕೆ ನೀರು ಹಾಕಿ ತೊಳೆದು, ಮುಂದಿನ ದೀಪಗಳ ಮಧ್ಯೆ ವಿಭೂತಿ ಹಚ್ಚಬೇಕು. ಸುತ್ತಮುತ್ತಲ ಹೊಲದವರು ಬಿದ್ದು ಬಿದ್ದು ನಗುತ್ತಾರೆ. ಡ್ರೈವರ್ ಮಾತ್ರ ಇಂಥ ಭಕ್ತ ಇನ್ನೊಬ್ಬನಿಲ್ಲ ಎಂದು ಅಣ್ಣನನ್ನು ಹೊಗಳುತ್ತಾನೆ.

ಅತ್ತಿಗೆ ಕೊಕ್ಕನೂರಿನ ಒಕ್ಕಲುತನದ ಮನೆಯ ಮಗಳು. ಆಕೆ ಕೂತಿದ್ದನ್ನು ನೋಡಿದವರು ಕಡಿಮೆ. ಅಂಗಡಿಯಿಂದ ಬಂದವರು, ಹೊಲದಿಂದ ಬಂದವರು, ನನ್ನ ಹಾಗೆ ಏನೂ ಕೆಲಸವಿಲ್ಲದೆ ಬಂದವರು, ಯಾರು ಬಂದರೂ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಆಗಲೇಬೇಕು. ನಾನಂತೂ ಅತ್ತಿಗೆಯ ಮಿರ್ಚಿ ತಿಂದೇ ಈ ಗಾತ್ರಕ್ಕೆ ಬಂದವಳು. ಹೋದ ವರ್ಷ ಅಣ್ಣ, ಅತ್ತಿಗೆ, ನಾನು ಮೂವರೂ ಹಿಮಾಚಲಕ್ಕೆ ಹೊರಟಾಗ ಆಕೆ ಕೇಳಿಕೊಂಡದ್ದು ಒಂದೇ. ಎಲ್ಲಿ ಬೇಕಾದರೂ ಕರೆದುಕೊಂಡು ಹೋಗಿ, ಒಂದು ದಿನ ಮಾತ್ರ ಯಾರೂ ನನ್ನನ್ನು ಏಳು ಅನ್ನಬಾರದು. ಅಣ್ಣ ಆಗಲಿ ಎಂದಿದ್ದ. ಮಂಡಕ್ಕಿಯ ದೊಡ್ಡ ಚೀಲವನ್ನೂ ಹೊತ್ತುಕೊಂಡಿದ್ದ. ದಾವಣಗೆರೆಯವರಿಗೆ ಬಟ್ಟೆಯ ಪೆಟ್ಟಿಗೆ ಮರೆತರೂ ಆ ಚೀಲ ಮರೆಯುವುದಿಲ್ಲ.

ಹತ್ತು ಊರು ಸುತ್ತಿ ಸುಸ್ತಾದ ಮೇಲೆ ಬೆಟ್ಟದ ಮೇಲಿನ ಒಂದು ಸಣ್ಣ ಊರಿನಲ್ಲಿ ಆ ದಿನ ಬಂತು. ಲಾಡ್ಜಿನ ಮುಂದೆ ಮರದ ಜಗುಲಿ, ಎದುರಿಗೆ ಹಿಮದ ಬೆಟ್ಟ, ಮೈಗೆ ಹಿತವಾದ ಬಿಸಿಲು. ಅತ್ತಿಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಶಾಲು ಹೊದ್ದು, ಕಾಲು ಚಾಚಿ ಕೂತರು. ಆಹಾ, ಆ ಮುಖ ನೋಡಬೇಕಿತ್ತು ನೀವು! ಅಷ್ಟರಲ್ಲಿ ಅಣ್ಣ ಓಡಿಬಂದ. ಪೇಟೆಯಲ್ಲಿ ಕಲಿತ ಉರ್ದುವಿನಲ್ಲಿ ಲಾಡ್ಜಿನವನ ತಲೆ ತಿಂದು, ಒಂದು ಜಲಪಾತ, ಒಂದು ಗುಡಿ, ಒಂದು ಸೇಬಿನ ತೋಟಕ್ಕೆ ಜೀಪು ಗೊತ್ತುಮಾಡಿದ್ದ. ಅದೂ ಸಾಲದೆ, ಹೊರಡುವ ಮುಂಚೆ ಎಲ್ಲರಿಗೂ ಒಂದಿಷ್ಟು ಮಂಡಕ್ಕಿ ಕಲಸಿಬಿಡು, ಅಡುಗೆಮನೆ ಕೊಡ್ತಾರಂತೆ ಎಂದ.

ಅತ್ತಿಗೆ ಏಳಲಿಲ್ಲ.

"ಇಷ್ಟು ದೂರ ಬಂದು ಕುಂತ್ಕೊಳ್ಳದಾ? ಕುಂತ್ಕೊಳ್ಳಾಕೆ ನಮ್ಮನ್ಯಾಗ ಜಗುಲಿ ಇರ್ಲಿಲ್ಲೇನು?" ಎಂದ ಅಣ್ಣ.

"ಜಗುಲಿ ಐತೆ. ಅದರ ಮ್ಯಾಲೆ ನಾನು ಯಾವತ್ತು ಕುಂತೀನಿ ಹೇಳ್ರಿ."

ಅಣ್ಣ ನನ್ನ ಮುಖ ನೋಡಿದ. ನಾನು ಹಿಮದ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅತ್ತಿಗೆಯ ದನಿ ಏರಲೇ ಇಲ್ಲ. ಇವತ್ತು ಯಾವ ವಾರ ಎಂದು ಕೇಳಿದರು. ಸೋಮವಾರ ಎಂದ ಅಣ್ಣ. ಸಾರಥಿಯಲ್ಲಿ ಟ್ರಾಕ್ಟರು ಏನು ಮಾಡುತ್ತಿರಬಹುದು ಎಂದರು. ಶೆಡ್ಡಿನಲ್ಲಿ ನಿಂತಿರುತ್ತೆ, ಇನ್ನೇನು ಎಂದ.

"ಡೀಸೆಲ್ ಕುಡಿಯೋ ಟ್ರಾಕ್ಟರಿಗೂ ಸೋಮವಾರ ಬಿಟ್ಟೀರಿ. ನಂಗೆ ಯಾವ ವಾರ ಬಿಡ್ತೀರಿ?"

ಅಂಗಡಿಯಲ್ಲಿ ಎಂಥ ಗಿರಾಕಿಗೂ ಮಾತಿನಲ್ಲೇ ಸೀರೆ ಉಡಿಸಿ ಕಳಿಸುವ ನಮ್ಮಣ್ಣ ಈ ಸಲ ತಾನೇ ಸೋತ. ಹೋಗಿ ಜೀಪಿನವನನ್ನು ವಾಪಸ್ಸು ಕಳಿಸಿ, ಮಂಡಕ್ಕಿ ಚೀಲ ಹೆಗಲಿಗೇರಿಸಿಕೊಂಡು ತಾನೇ ಅಡುಗೆಮನೆ ಹೊಕ್ಕ. ನನಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು.

ಆ ಖುಷಿ ಮಂಡಕ್ಕಿ ಬಾಯಿಗಿಡುವವರೆಗೆ. ನೀರಿಗೆ ಹಾಕಿದ ಕೂಡಲೇ ಹಿಂಡಿ ತೆಗೆಯಬೇಕೆಂಬುದು ಅಣ್ಣನಿಗೆ ಗೊತ್ತಿಲ್ಲ. ಕಡಲೆಕಾಳಿನ ಹಾಗೆ ನೆನೆಯಲಿ ಎಂದು ಬಿಟ್ಟು, ಲಾಡ್ಜಿನವನಿಗೆ ನಮ್ಮೂರಿನ ಬೆಣ್ಣೆದೋಸೆಯ ಮಹಿಮೆ ಹೇಳುತ್ತ ನಿಂತಿದ್ದಾನೆ. ಸಾಸಿವೆ ಕಪ್ಪಗೆ ಸೀದು ಹೋಯಿತು, ಮಂಡಕ್ಕಿ ಗಂಜಿಯಾಯಿತು. ಅದರ ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ ಗಂಭೀರವಾಗಿ ತಂದಿಟ್ಟ. ಅತ್ತಿಗೆ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಚೆನ್ನಾಗಿದೆ ಎಂದರು. ಮತ್ತೂ ಹಾಕಿಸಿಕೊಂಡರು! ನಾನೂ ಬಾಯಿ ಮುಚ್ಚಿಕೊಂಡು ತಿಂದೆ. ಊಟವಾದ ಮೇಲೆ ಅತ್ತಿಗೆ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋದರು. ಬಿಸಿಲು ಮುಖಕ್ಕೆ ಬಂದಾಗ ಅಣ್ಣ ಕೊಡೆ ಬಿಚ್ಚಿ ಹಿಡಿದುಕೊಂಡು ಕೂತ. ಬಿಸಿಲು ಸರಿದ ಹಾಗೆಲ್ಲ ತಾನೂ ಸರಿಯುತ್ತಿದ್ದ. ಆ ಪ್ರವಾಸದಲ್ಲಿ ಎಷ್ಟೋ ನೋಡಿದೆವು, ಹೆಸರು ಕೂಡ ನೆನಪಿಲ್ಲ. ಇದು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ.

ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಈಗ ಸೋಮವಾರ ಮಧ್ಯಾಹ್ನ ಅಂಗಡಿ ಅವರ ಮಗನ ಪಾಲು, ಒಲೆ ಅಣ್ಣನ ಪಾಲು.

ಇವತ್ತೂ ಬಂದು ಜಗುಲಿಯ ಮೇಲೆ ಅತ್ತಿಗೆಯ ಪಕ್ಕ ಕೂತಿದ್ದೇನೆ. ಒಳಗಿನಿಂದ ಅಣ್ಣ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೂಗಿದ. ಅಭ್ಯಾಸಬಲ, ನಾನು ಎದ್ದೆ. ಅತ್ತಿಗೆ ಸೆರಗು ಹಿಡಿದು ಜಗ್ಗಿ ಕೂರಿಸಿದರು.

"ಕುಂತ್ಕ. ಸೋಮವಾರ ಎತ್ತನ್ನ ಯಾರಾದ್ರೂ ಉಪ್ಪು ಎಲ್ಲೈತೆ ಅಂತ ಕೇಳ್ತಾರೇನು?"

ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದುಕೊಂಡವು. ಕೊನೆಗೆ ಮಂಡಕ್ಕಿ ಬಂತು, ಉಪ್ಪಿಲ್ಲದೆ. ಮೂವರೂ ತಟ್ಟೆ ಖಾಲಿ ಮಾಡಿದೆವು.