ಇಪ್ಪತ್ತರವರೆಗೆ ಎಣಿಸದ ಬೆಳಿಗ್ಗೆ

ನಾನು ನಿಂತದ್ದು ಬೆಂಗ್ರೆಯ ಪಡುವಣ ದಂಡೆಯಲ್ಲಿ, ದೋಣಿ ಚಪ್ಪರಕ್ಕೂ ನೀರಿಗೂ ನಡುವಿನ ಮರಳ ದಿಬ್ಬದ ಮೇಲೆ, ಸೋದರಮಾವನ ಎಡಮಗ್ಗುಲಲ್ಲಿ. ನವರಾತ್ರಿ ಕಳೆದ ಮೂರನೆಯ ದಿನ, ಈಗ ನಡೆಯುತ್ತಿರುವ ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು. ಬಿಸಿಲು ಬೆನ್ನನ್ನು ಸುಡತೊಡಗಿತ್ತು. ಒಂಬತ್ತು ಗಂಟೆ ಆಗಿರಬೇಕು. ಆಗ ನನಗೆ ಹದಿನೇಳು.

ಮಾವ ನಮ್ಮ ರಂಪಣಿ ಬಲೆಗೆ ಮೀನು ನೋಡುವವರು. ದಿಬ್ಬದ ಮೇಲಿಂದ ನೀರಿನ ಬಣ್ಣ ನೋಡಿ, ಬಂಗುಡೆಯ ಹಿಂಡು ಎಲ್ಲಿದೆ ಎಂದು ತಿಳಿದು ಕೆಂಪು ವಸ್ತ್ರ ಬೀಸುತ್ತಿದ್ದರು. ಬೀಸಿದ ದಿಕ್ಕಿಗೆ ದೋಣಿ ಹೋಗಿ ಬಲೆ ಸುತ್ತುತ್ತಿತ್ತು. ದಡದಲ್ಲಿ ಊರಿಗೆ ಊರೇ ಹಗ್ಗ ಎಳೆಯುತ್ತಿತ್ತು. ನಮ್ಮಲ್ಲಿ ಮನೆ, ಬಲೆಯ ಪಾಲು ಎಲ್ಲ ಸೋದರಮಾವನಿಂದ ಅಳಿಯನಿಗೆ ಬರುವುದು. ಆ ವಸ್ತ್ರವೂ ನನಗೆ ಬರಬೇಕಿತ್ತು.

ಆದರೆ ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ಅದು ನನಗೆ ಮತ್ತು ನನ್ನ ಅಕ್ಕನಿಗೆ ಮಾತ್ರ ಗೊತ್ತು. ಕೆಲಸ ಕಲಿಯುವವನಂತೆ ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಕಂಡದ್ದನ್ನು ಮೆಲ್ಲನೆ ಹೇಳುತ್ತಿದ್ದೆ, ಅವರು ಬೀಸುತ್ತಿದ್ದರು. ನೀರಿನಲ್ಲಿ ಕಪ್ಪು ಕಂಡ ಕೂಡಲೇ ಹೇಳಬಾರದೆಂದು ಅವರೇ ಕಲಿಸಿದ್ದರು. ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಬೇಕು. ಮೋಡದ ನೆರಳಾದರೆ ಅಷ್ಟರಲ್ಲಿ ಗಾಳಿಯ ಜೊತೆ ಜಾರುತ್ತದೆ. ಮೀನಾದರೆ ಅಂಚು ಮಿನುಗುತ್ತದೆ. ನಾನು ಬಲಗೈಯ ಬೆರಳು ಮಡಚಿ ಎಣಿಸುತ್ತಿದ್ದೆ.

ಆ ದಿನ ನನ್ನ ಮನಸ್ಸು ಹೊಳೆಯ ಆಚೆಯ ಪೇಟೆಯಲ್ಲಿತ್ತು. ಮಾಸ್ತರಿಕೆಯ ಟ್ರೈನಿಂಗ್ ಶಾಲೆಯಿಂದ ಕಾಗದ ಬಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ಹಾಜರಾಗಬೇಕು, ಹನ್ನೆರಡರ ದೋಣಿಯಲ್ಲಿ ಬಂದರಿಗೆ ದಾಟಬೇಕು. ಬಲೆ ಬೀಳುವವರೆಗೆ ದಿಬ್ಬ ಬಿಟ್ಟು ಇಳಿಯುವ ಹಾಗಿಲ್ಲ. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಮಾವನಿಗೆ ಹೇಳಿರಲಿಲ್ಲ. ನಾನು ಹೋದರೆ ಅವರಿಗೆ ನೋಡಿ ಹೇಳುವವರು ಬೇರೆ ಯಾರೂ ಇರಲಿಲ್ಲ.

“ಎಂತ ಮಾಸ್ಟ್ರೇ,” ಎಂದು ದೋಣಿಯ ಮುಖ್ಯಸ್ಥ ತಂಡೇಲ ಕೆಳಗಿನಿಂದ ನನ್ನನ್ನು ಕೂಗಿದ. ಶಾಲೆ ಕಲಿತವನೆಂದು ಅವನು ನನಗಿಟ್ಟ ಹೆಸರು ಅದು. “ಇವತ್ತು ಇಸ್ತ್ರಿ ಅಂಗಿ ಉಂಟಲ್ಲ! ಬಂಗುಡೆಗೆ ಮಗ್ಗಿ ಹೇಳಿಕೊಡ್ಲಿಕ್ಕಾ?”

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಕೈ ಚಾಚಿ ನನ್ನ ಅಂಗಿಯ ತೋಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಸ್ವಲ್ಪ ಹೊತ್ತಿಗೆ ಕೇಳಿದರು: “ಎಂತ ಕಾಣ್ತದೆ ಮಗಾ?”

“ಕಪ್ಪುಂಟು ಮಾಮ. ದೊಡ್ಡದು. ಮಂಜಿಯ ಹತ್ತಿರ.”

ಹಿಂದಿನ ಮಳೆಗಾಲದಲ್ಲಿ ಸರಕು ಸಾಗಿಸುವ ಮಂಜಿ ಹಡಗೊಂದು ಅಲ್ಲಿ ಮುಳುಗಿತ್ತು. ಅದರ ಮುರಿದ ಮರಗಳು ನೀರಿನಡಿಯಲ್ಲೇ ಇದ್ದವು, ಸಿಕ್ಕಿದರೆ ಬಲೆ ಹರಿಯುತ್ತಿತ್ತು. ಅಲ್ಲಿ ಬಲೆ ಬಿಡಬೇಕಾದರೆ ಮೀನು ಇರುವುದು ಖಂಡಿತ ಆಗಬೇಕು.

“ಎಣಿಸಿದೆಯಾ?”

“ಎಣಿಸಿದೆ.”

ನಾನು ಎಣಿಸಿರಲಿಲ್ಲ. ಒಂದು ಬೆರಳೂ ಮಡಚಿರಲಿಲ್ಲ.

ಮಾವ ವಸ್ತ್ರ ಬೀಸಿದರು. ದೋಣಿ ಹೋಯಿತು. ಬಲೆ ಅರ್ಧ ಇಳಿದಾಗ ಆ ಕಪ್ಪು ಬಡಗು ದಿಕ್ಕಿಗೆ ಜಾರಿತು. ಅದರ ಹಿಂದೆ ಬಿಸಿಲು ಬಂತು. ನಾನು ಕಂಡೆ. ಆಗ ಹೇಳಿದ್ದರೂ ದೋಣಿ ತಿರುಗುತ್ತಿತ್ತು. ಹೇಳಲಿಲ್ಲ. ಎಳೆಯತೊಡಗಿದ ಮೇಲೆ ಹಗ್ಗ ಬಿಗಿದು ನಿಂತಿತು, ಮತ್ತೆ ಒಮ್ಮೆಲೇ ಸಡಿಲಾಯಿತು. ದಡಕ್ಕೆ ಬಂದದ್ದು ಹರಿದ ಬಲೆ ಮತ್ತು ಕಸ.

ತಂಡೇಲ ಒದ್ದೆ ಮೈಯಲ್ಲೇ ದಿಬ್ಬ ಹತ್ತಿ ಬಂದ. “ಕಣ್ಣು ಎಲ್ಲಿಟ್ಟಿದ್ರಿ ಅಣ್ಣ? ಮಂಜಿಯ ಮೇಲೆಯೇ ಬೀಸಿದ್ರಲ್ಲ ಮಾರಾಯ್ರೆ!”

“ಕಣ್ಣು ಕಾಣುದಿಲ್ಲ ನನಗೆ,” ಎಂದರು ಮಾವ. “ಎರಡು ವರ್ಷ ಆಯ್ತು. ನಾನು ಹೇಳ್ಲಿಲ್ಲ.”

“ಇವ ಪಕ್ಕದಲ್ಲಿದ್ದನಲ್ಲ?”

“ಅವ ಕಲಿಯುವವ. ಅವನಿಗೆ ಎಂತ ಗೊತ್ತು?”

ವಸ್ತ್ರವನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ತಂಡೇಲನ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ದೋಣಿ ತಪ್ತದೆ. ಹೋಗು ಮಗಾ.”

ಹನ್ನೆರಡರ ದೋಣಿಯ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ. ಹೋದೆ.

ನನಗೀಗ ಹತ್ತೊಂಬತ್ತು. ಬರುವ ತಿಂಗಳು ಟ್ರೈನಿಂಗ್ ಮುಗಿಯುತ್ತದೆ. ಮಾವ ಆ ದಿನದಿಂದ ಚಪ್ಪರದಡಿ ಕುಳಿತು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ಅದಕ್ಕೆ ಬೆರಳು ಸಾಕು, ಕಣ್ಣು ಬೇಡ. ರಜೆಯಲ್ಲಿ ಹೋದಾಗಲೆಲ್ಲ ಶಾಲೆಯ ಸಂಗತಿ ಕೇಳುತ್ತಿದ್ದರು. ಆ ಬೆಳಿಗ್ಗೆಯ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಮುಂದೆ ಏನಾಗಬೇಕೆಂದಿದ್ದೀರಿ, ಬರೆಯಿರಿ ಎಂದು ಕಳೆದ ವಾರ ಶಾಲೆಯಲ್ಲಿ ಹೇಳಿದರು. ಪೇಟೆಯ ಶಾಲೆ, ಬಾವುಟಗುಡ್ಡೆಯ ಹತ್ತಿರ ಒಂದು ಕೋಣೆ, ಕಿಟಕಿಗೆ ಎದುರಾಗಿ ಮೇಜು: ಹದಿನೇಳರಲ್ಲಿ ನನಗೆ ಇಷ್ಟೇ ಬೇಕಿತ್ತು. ಹಾಳೆ ಖಾಲಿ ಕೊಟ್ಟು ಬಂದೆ. ಅವಸರವಿದ್ದರೆ ಸುಳ್ಳು ಹೇಳುವವನು, ಇನ್ನೊಬ್ಬರು ತಪ್ಪು ಹೊತ್ತರೆ ಹೊರಲಿ ಎಂದು ಬಿಡುವವನು ನಾನು. ಅದು ತಿಳಿದ ಮೇಲೆ ಮೇಜಿನ ಬಗ್ಗೆ ಬರೆಯಲಾಗಲಿಲ್ಲ. ಬೆಂಗ್ರೆಯ ಶಾಲೆಯನ್ನೇ ಕೇಳಿ ತೆಗೆದುಕೊಳ್ಳಬೇಕು, ಮೊದಲ ದಿನವೇ ತಂಡೇಲನ ಮನೆಗೆ ಹೋಗಿ ಇದನ್ನು ಹೇಳಬೇಕು ಎಂದುಕೊಂಡಿದ್ದೇನೆ. ಹೇಳುತ್ತೇನೆ ಎಂದು ಇಲ್ಲಿ ಬರೆಯಲಾರೆ. “ಎಣಿಸಿದೆ” ಎಂದ ಬಾಯಿ ಇದು.

ಬಲೆ ಹರಿದದ್ದನ್ನು ಊರೆಲ್ಲ ಕಂಡಿತು. ನನ್ನ ಬೆರಳು ಮಡಚದೆ ಇದ್ದದ್ದನ್ನು ಕಂಡವಳು ಒಬ್ಬಳೇ: ನನ್ನ ಅಕ್ಕ. ಆ ಬೆಳಿಗ್ಗೆ ನಮಗೆ ತಂದ ಗಂಜಿಯ ಪಾತ್ರೆ ಹಿಡಿದು ನನ್ನ ಹಿಂದೆ, ಎರಡು ಮಾರು ದೂರದಲ್ಲಿ, ನಿಂತಿದ್ದಳು. ಮಾವ ತೀರಿಕೊಂಡರು, ಅವಳು ಬದುಕಿದ್ದಾಳೆ. ಬೆಂಗ್ರೆಗೆ ಹೋದರೆ ನಾನು ಇರಬೇಕಾದ ಅದೇ ಮನೆಯಲ್ಲಿದ್ದಾಳೆ.