ಹಿಂಚಕ್ರ ನೆಲ ಬಿಟ್ಟ ದಿನ

ನನ್ನ ಬುದ್ಧಿಗೆ ಬೆಂಕಿ ಹಾಕ. ಆ ದಿನ ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ ರೇಷ್ಮೆ ನೂಲಿನ ಗೋದಾಮು ಕಟ್ಟುತ್ತಿದ್ದರು. ಅಲ್ಲಿ ನಾನು ಬೂಮ್ ಗಾಡಿಯ ಡ್ರೈವರ್, ನಮ್ಮಣ್ಣ ಗಾರೆ ಮೇಸ್ತ್ರಿ. ಮೇಲೂರಿನ ಮನೆಯಿಂದ ಇಬ್ಬರೂ ಒಂದೇ ಬೈಕಿನಲ್ಲಿ ಬರುತ್ತಿದ್ದೆವು. ದಾರಿಯುದ್ದಕ್ಕೂ ಅವನು ಬೈಯುತ್ತಿದ್ದ, ನಾನು ಕೇಳಿಸದವನಂತೆ ಇರುತ್ತಿದ್ದೆ.

ಈ ಗಾಡಿ ನೋಡದವರಿಗೆ ಹೇಳುತ್ತೇನೆ. ಮುಂದೆ ಸಾಮಾನು ಎತ್ತಲು ಫೋರ್ಕ್‌ಲಿಫ್ಟಿನ ಹಾಗೆ ಎರಡು ಕಬ್ಬಿಣದ ಫೋರ್ಕು, ಅವನ್ನು ಹೊತ್ತ ಉದ್ದನೆಯ ಬೂಮು. ಬೂಮಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೈಡ್ರಾಲಿಕ್ ಎಣ್ಣೆಯ ಒತ್ತಡಕ್ಕೆ ಅವು ಹೊರಗೆ ಚಾಚಿಕೊಳ್ಳುತ್ತವೆ. ಗಾಡಿ ನೆಲದಲ್ಲಿ ನಿಂತೇ ಮೂರನೇ ಅಂತಸ್ತಿಗೆ ಬ್ಲಾಕು ಕೊಡುತ್ತದೆ. ಆದರೆ ಚಾಚಿದಷ್ಟೂ ತಾಕತ್ತು ಕಡಿಮೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರಬಹುದು, ಕೈ ನೀಡಿ ಹಿಡಿದು ನೋಡಿ! ಎಷ್ಟು ಚಾಚಿದ್ದೇವೆ ಎಂದು ತಿಳಿಯಲು ಬೂಮಿನ ಪಕ್ಕದಲ್ಲಿ ಎ, ಬಿ, ಸಿ ಎಂದು ಬರೆದಿರುತ್ತದೆ. ಯಾವ ಅಕ್ಷರದವರೆಗೆ ಎಷ್ಟು ಭಾರ ಎನ್ನುವ ಪಟ್ಟಿಯನ್ನು ಕ್ಯಾಬಿನ್ನಿನಲ್ಲಿ ಅಂಟಿಸಿರುತ್ತಾರೆ.

ಆಯುಧಪೂಜೆಗೆ ನಾನು ಬೂಮನ್ನು ಪೂರ್ತಿ ಚಾಚಿ ತೊಳೆದೆ. ಮಹಾ ಭಕ್ತ ನೋಡಿ ನಾನು! ಅರಿಶಿನ ಕುಂಕುಮ ಕಲಸಿ ಅಕ್ಷರಗಳೇ ಕಾಣದಷ್ಟು ದಪ್ಪಗೆ ಬಳಿದೆ. ಹಬ್ಬ ಮುಗಿಸಿ ಕೆಲಸಕ್ಕೆ ಬಂದಾಗ ಅಣ್ಣನ ಕಣ್ಣಿಗೆ ಅದೇ ಬಿತ್ತು.

“ಮೊದ್ಲು ಆ ಅಕ್ಷರ ಒರೆಸ್ಕೊಳ್ಳೋ” ಅಂದ.

“ಹಚ್ಚಿದ್ ಕುಂಕುಮ ಯಾರಾದ್ರೂ ಒರೆಸ್ತಾರೇನಣ್ಣ? ಅಪಶಕುನ. ನಂಗೆ ಕಣ್ಣಳತೆ ಗೊತ್ತು ಬಿಡು” ಅಂದೆ. ಭಾರ ಹೆಚ್ಚಾದರೆ ಕೂಗಬೇಕಾದ ಅಲಾರಂ ಕೆಟ್ಟು ಎಷ್ಟೋ ದಿನವಾಗಿತ್ತು. ಅದಕ್ಕೂ ಒಂದು ಬೊಟ್ಟು ಇಟ್ಟಿದ್ದೆ.

ಸಿಮೆಂಟ್ ಬ್ಲಾಕು ಪೇರಿಸಿದ ಮರದ ಹಲಗೆಯ ಪ್ಯಾಲೆಟ್ ಎತ್ತಿದೆ. ಒಂದು ಟನ್ನಿಗೂ ಮಿಕ್ಕಿದ ಭಾರ. ಗೋಡೆಯ ಬುಡದಲ್ಲಿ ಜಲ್ಲಿ ಸುರಿದಿದ್ದರಿಂದ ಗಾಡಿ ದೂರ ನಿಂತಿತ್ತು. ಅಣ್ಣ ಮೇಲೆ ಸ್ಲ್ಯಾಬಿನ ಅಂಚಿನಲ್ಲಿ ನಿಂತು, “ಇನ್ನೊಂಚೂರು ಬಿಡು, ಇನ್ನೊಂಚೂರು” ಎಂದು ಕೈ ಬೀಸುತ್ತಿದ್ದ. ಬೂಮು ಇನ್ನಷ್ಟು ಚಾಚಿದೆ. ಇದ್ದಕ್ಕಿದ್ದಂತೆ ನನ್ನ ಸೀಟು ಹಿಂದಿನಿಂದ ಮೇಲೆದ್ದಿತು. ಅಯ್ಯೋ ದೇವರೇ! ಹಿಂಚಕ್ರ ನೆಲ ಬಿಟ್ಟಿತ್ತು.

ಮೇಲೆ ನೋಡಿದರೆ ಅಣ್ಣ ಎರಡೂ ಕೈಯಲ್ಲಿ ಪ್ಯಾಲೆಟ್ ಹಿಡಿದಿದ್ದಾನೆ. ಗಾಡಿ ಮಗುಚಿದರೆ ಪ್ಯಾಲೆಟ್ಟಿನ ಜೊತೆ ಅವನೂ ಕೆಳಗೆ. “ಬಿಡಣ್ಣ! ಹಿಂದಕ್ಕೆ ಹೋಗಣ್ಣ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಬಿಡಲಿಲ್ಲ. ನನ್ನ ಕೈ ತಾನಾಗಿಯೇ ಬೂಮು ಇಳಿಸಲು ಹೊರಟಿತು. ಇಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಚಾಚಿದ ಬೂಮು ಕೆಳಗೆ ಬಾಗಿದಷ್ಟೂ ಭಾರ ಗಾಡಿಯಿಂದ ಇನ್ನೂ ದೂರ ಹೋಗುತ್ತದೆ. ಯಾವ ಜನ್ಮದ ಪುಣ್ಯವೋ, ತಡೆದುಕೊಂಡು ಒಳಕ್ಕೆ ಎಳೆದೆ. ಒಂಚೂರು, ಇನ್ನೊಂಚೂರು. ಪ್ಯಾಲೆಟ್ ಕೈಯಿಂದ ಕಿತ್ತುಕೊಂಡು ಬಂದ ಮೇಲೆಯೇ ಅಣ್ಣ ಬಿಟ್ಟದ್ದು. ಹಿಂಚಕ್ರ ದಡಾರನೆ ನೆಲಕ್ಕೆ ಕೂತಿತು.

ಅವನು ಮೆಟ್ಟಿಲಿಳಿದು ಬರುವ ಹೊತ್ತಿಗೆ ನನ್ನ ಭಯವೆಲ್ಲ ಸಿಟ್ಟಾಗಿತ್ತು.

“ಕಿವಿ ಕೇಳ್ಸಲ್ವಾ ನಿಂಗೆ? ಅಷ್ಟು ಬಡ್ಕೊಂಡ್ರೂ ಯಾಕೆ ಬಿಡ್ಲಿಲ್ಲ? ನೀನು ಸತ್ತೇ ಹೋಗ್ತಿದ್ದೆ ಕಣಣ್ಣ!”

ಅವನ ಅಂಗೈ ಎರಡೂ ಸುಲಿದು ರಕ್ತ ಬರುತ್ತಿತ್ತು. ದಿನಾ ಬೈಯುವವನು ಅವತ್ತು ಬೈಯಲಿಲ್ಲ.

“ಗಾಡಿ ಬೀಳ್ತಿತ್ತಲ್ಲೋ, ಒಳಗಡೆ ನೀನಿದ್ದೆ” ಅಂದ. “ಅದಕ್ಕೇ ಹಿಡ್ಕೊಂಡಿದ್ದೆ.”